ಎತ್ತಿಕೊಟ್ಟ ಮಾತು

ವ್ಯಾಸರಾಜಾಚಾರ್ಯರ ಮನೆಯಲ್ಲಿ ‘ಮರೆತೆ’ ಅನ್ನುವುದು ಬೈಗುಳಕ್ಕಿಂತ ಕೀಳು. ಬೈದವರಿಗೆ ಅಲ್ಲಿ ಕ್ಷಮೆಯಿತ್ತು, ಮರೆತವರಿಗೆ ಇರಲಿಲ್ಲ. ನಂಜನಗೂಡಿನ ಹಳೆಯ ಬೀದಿಯೊಂದರಲ್ಲಿ ತಾತ ಮುತ್ತಾತರ ಕಾಲದಿಂದ ಊರ ಮಕ್ಕಳಿಗೆ ಶ್ಲೋಕ ಕಲಿಸಿಕೊಂಡು ಬಂದ ಮನೆ ಅದು. ಪಾಠವೆಲ್ಲ ಬಾಯಿಂದ ಕಿವಿಗೆ. ಯಾವನಾದರೂ ಹುಡುಗ ಪುಸ್ತಕ ಹಿಡಿದು ಬಂದರೆ ಆಚಾರ್ಯರು ಜಗಲಿಯ ಮೇಲಿಂದಲೇ, "ಕಾಗದ ನೋಡಿ ಓದೋಕೆ ನಾನ್ಯಾಕಪ್ಪ? ಜೆರಾಕ್ಸ್ ಅಂಗಡಿಗೆ ಹೋಗು" ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಸಂಸ್ಕೃತದ ಮೇಷ್ಟರಾಗಿ ನಿವೃತ್ತರಾದ ಮೇಲೆ ಈ ಗತ್ತು ಏರಿತ್ತೇ ಹೊರತು ಇಳಿದಿರಲಿಲ್ಲ. ಅವರ ಹೆಂಡತಿ ಲಕ್ಷ್ಮೀದೇವಮ್ಮನವರು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದರು. ಅದನ್ನು ಒಪ್ಪಿಕೊಳ್ಳುವ ಬದಲು, "ಉಪ್ಪು ಕಡಿಮೆ ತಿನ್ನೋದು ಮೈಗೆ ಒಳ್ಳೇದಂತೆ" ಎಂದು ಅತ್ತೆಯನ್ನೇ ದಬಾಯಿಸಿ ಬಚಾವಾದರು. ಈ ಮನೆಯಲ್ಲಿ ಬಾಳಬೇಕಾದರೆ ಮರೆವನ್ನು ಮುಚ್ಚುವ ಕೈಚಳಕ ಬೇಕು ಎಂಬುದನ್ನು ಅವರು ಅಂದೇ ಕಲಿತುಬಿಟ್ಟರು.

ಇಂಥ ಮನೆಯ ಮೊಮ್ಮಗಳ ತಲೆಗೇ ಪೆಟ್ಟು ಬೀಳಬೇಕೆ? ಸಿಂಧುವಿಗೆ ಹನ್ನೊಂದು ವರ್ಷ. ಬೇಸಿಗೆ ರಜೆಯಲ್ಲಿ ತಿ. ನರಸೀಪುರದಲ್ಲಿರುವ ತಾಯಿಯ ತವರಿಗೆ ಹೋಗಿದ್ದವಳು, ಅಪ್ಪ ಹರಿಪ್ರಸಾದನ ಸ್ಕೂಟರಿನಲ್ಲಿ ಹಿಂದೆ ಕೂತು ಬರುತ್ತಿದ್ದಳು. ನಾಯಿ ಅಡ್ಡ ಬಂತು. ಹರಿಯ ಮೊಣಕೈ ತರಚಿತು, ಮಗಳು ರಸ್ತೆಯಂಚಿನ ಕಲ್ಲಿನ ಮೇಲೆ ಹೋಗಿ ಬಿದ್ದಳು. ಹೆಲ್ಮೆಟ್ಟು ಇದ್ದದ್ದು ಅಪ್ಪನ ತಲೆಯ ಮೇಲೆ. ಆಮೇಲೆ ಹರಿ ಆ ಸ್ಕೂಟರನ್ನು ಮಾರಿ, ಕೆಲಸಕ್ಕೆ ಬಸ್ಸಿನಲ್ಲಿ ಹೋಗತೊಡಗಿದ. ಮನೆಯಲ್ಲಿ ಮಾತು ಕಡಿಮೆ ಮಾಡಿದ.

ಮೈಸೂರಿನ ಆಸ್ಪತ್ರೆಯಿಂದ ಮರಳಿದಾಗ ಸಿಂಧು ತನ್ನ ಕಾಲಲ್ಲೇ ನಡೆದು ಮನೆಯೊಳಗೆ ಬಂದಳು. ನಗುತ್ತಿದ್ದಳು, ಉಣ್ಣುತ್ತಿದ್ದಳು, ತಾತನ ಪಕ್ಕ ಕೂತು ಹಳೆಯ ಶ್ಲೋಕಗಳನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ತಲೆಯ ಗಾಯದಿಂದ ಫಿಟ್ಸ್ ಬರಬಾರದೆಂದು ದಿನಾ ಬೆಳಿಗ್ಗೆ ಒಂದು ಮಾತ್ರೆ ಕೊಟ್ಟಿದ್ದರು. ಜೊತೆಗೆ ವಾರಕ್ಕೊಮ್ಮೆ ಕವನ ಎಂಬ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಬರಬೇಕು ಎಂದಿದ್ದರು. ಮೊದಲ ಸಲ ಸೊಸೆ ರಮ್ಯಶ್ರೀಯ ಜೊತೆ ಲಕ್ಷ್ಮೀದೇವಮ್ಮನವರೂ ಹೋದರು.

ಕವನ ಚಿಕ್ಕ ವಯಸ್ಸಿನ ಹೆಂಗಸು. ಮೇಜಿನ ಮೇಲೆ ಚಮಚ, ಬೀಗದ ಕೈ, ಬಾಚಣಿಗೆ, ಬಟನ್ನು ಹೀಗೆ ಹತ್ತು ಸಾಮಾನು ಇಟ್ಟು ತೋರಿಸಿದಳು.

"ಇವನ್ನ ಮುಚ್ಚಿಬಿಡ್ತೀನಿ. ಆಮೇಲೆ ಕೇಳಿದ್ರೆ ಎಷ್ಟು ಹೇಳ್ತೀಯ ಸಿಂಧು?"

"ಹತ್ತೂ ಹೇಳ್ತೀನಿ."

ಟವೆಲ್ಲು ಮುಚ್ಚಿ, ಶಾಲೆಯ ವಿಷಯ, ಗೆಳತಿಯರ ವಿಷಯ ಮಾತಾಡಿಸಿ, ಮತ್ತೆ ಕೇಳಿದಾಗ ಹುಡುಗಿ ಚಮಚ ಅಂದಳು, ಬಾಚಣಿಗೆ ಅಂದಳು, ಅಲ್ಲಿಲ್ಲದ ಕತ್ತರಿಯನ್ನೂ ಹೇಳಿದಳು. ಅಲ್ಲಿಗೆ ಮುಗಿಯಿತು.

"ಎಷ್ಟು ಹೇಳ್ದೆ?"

"ಹತ್ತೂ" ಅಂದಳು ಸಿಂಧು, ಗೆದ್ದವಳ ನಗೆ ನಕ್ಕು.

ಮಗುವನ್ನು ಹೊರಗೆ ಕೂರಿಸಿ ಕವನ ಇವರಿಬ್ಬರಿಗೆ ಹೇಳಿದಳು: "ನೆನಪಿಗೆ ಪೆಟ್ಟು ಬಿದ್ದಿದೆ, ಅದು ಒಂದು. ಪೆಟ್ಟು ಬಿದ್ದಿದೆ ಅನ್ನೋದು ಅವಳಿಗೇ ಗೊತ್ತಿಲ್ಲ, ಅದು ಇನ್ನೊಂದು. ಅಪಾಯ ಇರೋದು ಈ ಎರಡನೇದ್ರಲ್ಲಿ. ಕಣ್ಣು ಮಂದ ಅಂತ ಗೊತ್ತಿರೋರು ಕನ್ನಡಕ ಹಾಕ್ಕೋತಾರೆ. ಗೊತ್ತಿಲ್ಲದೋರು ಹಾಗೇ ರಸ್ತೆ ದಾಟ್ತಾರೆ. ಮರೆತದ್ದನ್ನ ಅವಳೇ ಕಂಡ್ಕೋಬೇಕು, ಒಂದು ಸಲಕ್ಕೆ ಒಂದು. ನೀವು ಮುಚ್ಚಿಡ್ಬೇಡಿ. ಹಾಗಂತ ಎಲ್ಲಾನೂ ಎತ್ತಿ ಆಡಲೂಬೇಡಿ."

ರಮ್ಯಶ್ರೀ ತಾಂಡವಪುರದ ಶಾಲೆಯೊಂದರಲ್ಲಿ ಟೀಚರು, ತಲೆಯಾಡಿಸುತ್ತ ಕೇಳಿಸಿಕೊಂಡಳು. ಲಕ್ಷ್ಮೀದೇವಮ್ಮನವರಿಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ, "ಮಗೂನ ಸೋಲ್ಸೋಕೆ ಒಂದು ಆಟ, ಅದಕ್ಕೊಂದು ಫೀಸು" ಎಂದು ಊರು ಬರುವವರೆಗೆ ಗೊಣಗಿದರು.

ಆಚಾರ್ಯರಂತೂ ನಕ್ಕುಬಿಟ್ಟರು. "ಇನ್ನೂರು ಶ್ಲೋಕ ತಪ್ಪಿಲ್ಲದೆ ಹೇಳೋ ಮಗೂಗೆ ಮರೆವೇ? ಬಾರೇ ಸಿಂಧು ಇಲ್ಲಿ." ಸಿಂಧು ಬಂದು ಪದ್ಮಾಸನ ಹಾಕಿ, ಎಲ್ಲೂ ತಡೆಯದೆ ಹೇಳಿ ಮುಗಿಸಿದಳು. "ನೋಡಮ್ಮ ರಮ್ಯಾ, ಇದನ್ನ ಯಾವ ಸ್ಕ್ಯಾನಿಂಗ್ ತೋರ್ಸುತ್ತೆ?"

"ಅದೆಲ್ಲ ಪೆಟ್ಟು ಬೀಳೋಕ್ಮುಂಚೆ ಕಲಿತದ್ದು ಮಾವ. ಹೊಸದೊಂದು ಕಲಿಸಿ, ನಾಳೆ ಒಪ್ಪಿಸ್ಕೊಳ್ಳಿ ನೋಡೋಣ."

"ಆಗ್ಲಿ" ಅಂದರು ಆಚಾರ್ಯರು. ಪಂಥಕ್ಕೆ ಬಿದ್ದರೆ ಅವರು ಹುಡುಗರಿಗಿಂತ ಹುಡುಗರು. ಅಂದು ಸಂಜೆಯೇ ನಾಲ್ಕು ಸಾಲಿನ ಹೊಸ ಶ್ಲೋಕವೊಂದನ್ನು ಹೇಳಿಕೊಟ್ಟರು. ಮರುದಿನ ಒಪ್ಪಿಸುವ ಹೊತ್ತಿಗೆ ಲಕ್ಷ್ಮೀದೇವಮ್ಮನವರು ಅವರೆಕಾಳಿನ ಮೊರ ಹಿಡಿದು ಎದುರಿಗೇ ಬಂದು ಕೂತರು. ಶಿಷ್ಯರು ಒಪ್ಪಿಸುವಾಗ ಆಚಾರ್ಯರು ಕಣ್ಣು ಮುಚ್ಚಿಕೊಳ್ಳುವುದು ವಾಡಿಕೆ. ಸಿಂಧುವಿನ ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಅಜ್ಜಿ ಮೊರದ ಮರೆಯಿಂದ ತುಟಿಯನ್ನಷ್ಟೇ ಆಡಿಸಿ ಮೊದಲ ಪದ ಎತ್ತಿಕೊಟ್ಟರು. ಹುಡುಗಿ ಅದನ್ನು ಹಿಡಿದು ಹೊರಟಳು. ಎರಡನೆಯ ಸಾಲಿಗೆ ಮತ್ತೊಂದು, ಮೂರಕ್ಕೆ ಮತ್ತೊಂದು. ಆಚಾರ್ಯರು ಕಣ್ಣು ಬಿಟ್ಟಾಗ ಮೊರದಲ್ಲಿ ಕಾಳಷ್ಟೇ ಆಡುತ್ತಿದ್ದವು.

"ಆಯ್ತಲ್ಲಮ್ಮ?" ಅಂದರು ಸೊಸೆಗೆ.

ರಮ್ಯಶ್ರೀ ನಂಬಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಅಡುಗೆಮನೆಯಲ್ಲಿ ಸಿಂಧು ಅಜ್ಜಿಯ ಕತ್ತಿಗೆ ಜೋತುಬಿದ್ದು, "ಎಲ್ಲಾ ನೆನಪಿತ್ತು ಅಜ್ಜಿ" ಎಂದಾಗ ಲಕ್ಷ್ಮೀದೇವಮ್ಮನವರ ಕಣ್ಣು ತುಂಬಿತು. "ನಿನಗ್ಯಾವುದೇ ಮರೆಯೋದು? ಚಿನ್ನ ಕಣೇ ನೀನು" ಅಂದರು. ತುಟಿ ಆಡಿಸಿದ್ದನ್ನು ಮಗು ನೋಡಿಕೊಂಡೇ ಹೇಳಿತ್ತಲ್ಲ, ಅದೂ ಆಗಲೇ ಅದರ ತಲೆಯಲ್ಲಿ ಉಳಿದಿರಲಿಲ್ಲವೇ ಎಂದು ಒಂದು ಗಳಿಗೆ ಅನ್ನಿಸಿತು. ಆ ಯೋಚನೆಯನ್ನು ಅವರು ಒಗ್ಗರಣೆಯ ಜೊತೆ ಹೊಗೆಗೆ ಬಿಟ್ಟರು.

ಅಲ್ಲಿಂದ ಲಕ್ಷ್ಮೀದೇವಮ್ಮನವರಿಗೆ ಅದೇ ಒಂದು ಕಸುಬಾಯಿತು. ತುಳಸಿಗೆ ನೀರು ಹಾಕೆಂದರೆ ಸಿಂಧು ಹಿತ್ತಲಿಗೆ ಹೋಗಿ ಅಲ್ಲಿ ಬೆಕ್ಕು ನೋಡಿ ಬಂದು, "ಹಾಕ್ದೆ ಅಜ್ಜಿ" ಅನ್ನುತ್ತಿದ್ದಳು. ಸುಳ್ಳಲ್ಲ, ಹಾಕಿದೆನೆಂದೇ ಅವಳ ನಂಬಿಕೆ. ಅಜ್ಜಿ ಹಿಂದಿನಿಂದ ಹೋಗಿ ಹಾಕಿ ಬರುತ್ತಿದ್ದರು. ಶಾಲೆಯ ಚೀಲಕ್ಕೆ ಮರೆತ ಪುಸ್ತಕ ಸೇರಿಸುತ್ತಿದ್ದರು. ಹಾಲು ತರುವ ಸಾಕಮ್ಮನಿಗೆ ನಾಳೆ ಅರ್ಧ ಲೀಟರ್ ಹೆಚ್ಚು ತರಲು ಹೇಳೆಂದು ಕಳಿಸಿದರೆ ಆ ಮಾತು ಬಾಗಿಲು ದಾಟುತ್ತಿರಲಿಲ್ಲ.

"ಮಗ ಏನೂ ಯೋಳ್ನಿಲ್ಲ ಕಣವ್ವ" ಅಂದಳು ಸಾಕಮ್ಮ.

"ಮೆತ್ತಗೆ ಮಾತಾಡೇ. ಯಾರಾದ್ರೂ ಕೇಳಿದ್ರೆ ಹೇಳಿದ್ಲು ಅನ್ನು."

"ಅದ್ಯಾಕವ್ವ ಸುಳ್ಳು? ಮರ್ತೋಗದೆ ಅಂದ್ರೆ ಏನಾಯ್ತದೆ?"

"ಈ ಮನೇಲಿ ಏನಾಗುತ್ತೋ ನಿನಗೇನ್ಗೊತ್ತು, ಹೋಗು" ಎಂದು ಗದರಿ ಕಳಿಸಿದರು.

ಒಂದು ಭಾನುವಾರ ರಮ್ಯಶ್ರೀ ನಡುಮನೆಯ ಗೋಡೆಗೆ ಬಿಳಿ ಬೋರ್ಡೊಂದನ್ನು ತಂದು ನೇತುಹಾಕಿದಳು. ಮಾತ್ರೆ, ತುಳಸಿ, ಹೋಂವರ್ಕು ಎಂದು ಬರೆದಳು. ಸಿಂಧು ಮಾಡಿದ ಮೇಲೆ ಅವಳೇ ಗುರುತು ಹಾಕಬೇಕು, ಆಗ ಮಾಡದ್ದು ಅವಳಿಗೇ ಕಾಣುತ್ತದೆ ಎಂದು ಕವನ ಹೇಳಿಕೊಟ್ಟ ಉಪಾಯ. ಆಚಾರ್ಯರು ಪೂಜೆ ಮುಗಿಸಿ ಬಂದವರು ಅದನ್ನು ನೋಡಿ ನಿಂತುಬಿಟ್ಟರು.

"ಈ ಗೋಡೆ ಮೇಲೆ ಜ್ಞಾಪಕದ ಬೋರ್ಡೇ? ಪಾಠಕ್ಕೆ ಬರೋ ಮಕ್ಕಳು ನೋಡಿದ್ರೆ ಏನಂತಾರೆ?"

"ಮಕ್ಕಳು ಏನಂದ್ರೂ ಪರ್ವಾಗಿಲ್ಲ ಮಾವ. ನನ್ನ ಮಗಳು ಉಳೀಬೇಕು."

"ಉಳಿದಿದ್ದಾಳಲ್ಲಮ್ಮ! ಕಣ್ಮುಂದೇನೇ ಶ್ಲೋಕ ಒಪ್ಪಿಸ್ತಿದ್ದಾಳೆ. ಬರೆದಿಡೋ ಅಭ್ಯಾಸ ಮಾಡಿಸಿದ್ರೆ ಇರೋ ನೆನಪೂ ಹಾಳಾಗುತ್ತೆ."

"ಅತ್ತೆ, ನೀವಾದ್ರೂ ಹೇಳಿ."

ಲಕ್ಷ್ಮೀದೇವಮ್ಮನವರ ಬಾಯಲ್ಲಿ ಮಾತು ಬಂದಿತ್ತು. ಮೊರದ ಕಥೆ ಈಗ ಬಿಚ್ಚಿದರೆ ಗಂಡನ ಮುಖ ಏನಾದೀತು, ಮಗುವಿನ ಮುಖ ಏನಾದೀತು? "ಅವಳಿಗೆ ಬೋರ್ಡು ಯಾಕೆ ರಮ್ಯಾ, ನಾನಿಲ್ವಾ?" ಅಂದರು. ಹರಿ ತಲೆ ತಗ್ಗಿಸಿ ಮಜ್ಜಿಗೆ ಕಲಸುತ್ತಿದ್ದ. ಸಂಜೆಗೆ ಬೋರ್ಡು ಅಟ್ಟ ಸೇರಿತು.

ಶ್ರಾವಣದ ಕೊನೆಯಲ್ಲಿ ಆಚಾರ್ಯರ ತಂದೆಯ ಶ್ರಾದ್ಧ. ಆ ವರ್ಷ ಏಕಾದಶಿ, ದ್ವಾದಶಿ, ಅದರ ಬೆನ್ನಿಗೇ ಶ್ರಾದ್ಧ. ಸರಿಯಾಗಿ ಏಕಾದಶಿಯ ಹಿಂದಿನ ದಿನ ರಮ್ಯಶ್ರೀ ಮುಟ್ಟಾದಳು. ಶ್ರಾದ್ಧದ ಮನೆಯಲ್ಲಿ ಅವಳು ಇರುವಂತಿಲ್ಲ. ಹಿಂದಿನಿಂದ ಬಂದ ಕ್ರಮದಂತೆ ಅವಳನ್ನು ತಿ. ನರಸೀಪುರದ ತವರಿಗೆ ಕಳಿಸುವುದೆಂದಾಯಿತು. ಸಿಂಧುವನ್ನೂ ಕರೆದೊಯ್ಯುತ್ತೇನೆಂದಳು. ಮೊಮ್ಮಗಳು ಮುತ್ತಾತನ ಶ್ರಾದ್ಧದ ದಿನ ಮನೆಯಲ್ಲಿರಬೇಕು ಎಂದು ಆಚಾರ್ಯರು ಬಿಡಲಿಲ್ಲ.

ಬ್ಯಾಗು ಹಿಡಿದು ಬೀದಿಯಲ್ಲೇ ನಿಂತು ರಮ್ಯಶ್ರೀ ಹೇಳಿದಳು: "ಅತ್ತೆ, ಕಪಾಟಿನ ಮೇಲೆ ಹೊಸ ಮಾತ್ರೆ ಪಟ್ಟಿ ಇಟ್ಟಿದ್ದೀನಿ. ತಗೊಂಡ್ಯಾ ಅಂತ ಅವಳನ್ನ ಕೇಳ್ಬೇಡಿ. ನಿಮ್ಮ ಕೈಯಾರೆ ಬಾಯಿಗೆ ಹಾಕಿ."

"ಹಾಕ್ತೀನಮ್ಮ. ನೀನು ನಿಶ್ಚಿಂತೆಯಾಗಿ ಹೋಗು."

ಹಾಕಬೇಕೆಂದೇ ಇದ್ದರು. ಆದರೆ ಏಕಾದಶಿಯ ಬೆಳಿಗ್ಗೆ ಅವರು ಸ್ನಾನ ಮಾಡಿ ಮಡಿಯುಟ್ಟಾಗಿತ್ತು. ಮಡಿಯುಟ್ಟ ಮೇಲೆ ಅಂಗಡಿಯ ಸಾಮಾನು, ಔಷಧಿಯ ಪಟ್ಟಿ, ಶಾಲೆಯ ಬಟ್ಟೆ ಹಾಕಿದ ಮಗು, ಯಾವುದನ್ನೂ ಮುಟ್ಟುವಂತಿಲ್ಲ. ದೇವರಮನೆಯಿಂದಲೇ ಕೂಗಿದರು: "ಸಿಂಧೂ, ಮಾತ್ರೆ ತಗೊಂಡ್ಯಾ?"

"ತಗೊಂಡೆ ಅಜ್ಜಿ."

ದ್ವಾದಶಿಯಂದು ಸೂರ್ಯ ಹುಟ್ಟುವ ಮೊದಲೇ ಪಾರಣೆಯ ಅಡುಗೆ. ಅಂದೂ ಮಡಿ, ಅಂದೂ ಅದೇ ಕೂಗು, ಅದೇ ಉತ್ತರ. ಹರಿ ಬಸ್ಸಿಗೆ ಹೊರಡುವಾಗ, "ಅಮ್ಮ, ಮಾತ್ರೆ ಆಯ್ತಾ?" ಅಂದ. "ಆಯ್ತಂತೆ ಕಣೋ" ಅಂದರು. ಮಧ್ಯಾಹ್ನ ಊಟವಾಗಿ ಮಡಿ ಬಿಟ್ಟ ಮೇಲಾದರೂ ಕಪಾಟಿನ ಮೇಲೆ ಕೈಯಾಡಿಸಿ ಪಟ್ಟಿ ನೋಡಬಹುದಿತ್ತು. ಉದ್ದು ನೆನೆಹಾಕಬೇಕು, ಎಳ್ಳು ಆರಿಸಬೇಕು, ಬಾಳೆಲೆ ತರಿಸಬೇಕು. ಆದರೆ ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳುವ ಮಾತಲ್ಲ ಇದು. ಈ ಮಗುವಿಗೆ ಏನೂ ಮರೆಯುವುದಿಲ್ಲ ಎಂದು ಗಂಡನಿಗೆ, ಸೊಸೆಗೆ, ಸಾಕಮ್ಮನಿಗೆ, ಬೀದಿಗೆಲ್ಲ ಹೇಳಿ ಹೇಳಿ, ಆ ಸುಳ್ಳನ್ನು ಕಟ್ಟಿದವರೇ ಅದನ್ನು ನಂಬಿಬಿಟ್ಟಿದ್ದರು.

ಶ್ರಾದ್ಧದ ದಿನ ಎಲೆಯ ಮುಂದೆ ಇಬ್ಬರು ಬ್ರಾಹ್ಮಣರು ಕೂತಿದ್ದರು. ಆಚಾರ್ಯರು ದರ್ಭೆಯ ಉಂಗುರ ತೊಟ್ಟು, ಅಂಗೈಯಲ್ಲಿ ನೀರು ಹಿಡಿದಿದ್ದರು. ಲಕ್ಷ್ಮೀದೇವಮ್ಮನವರು ಪಾಯಸದ ಪಾತ್ರೆ ಹಿಡಿದು ಬಗ್ಗಿದ್ದಾಗ ನಡುಮನೆಯಲ್ಲಿ ಏನೋ ಧೊಪ್ಪೆಂದಿತು. ತಿರುಗಿ ನೋಡಿದರೆ ಸಿಂಧು ನೆಲದ ಮೇಲೆ. ಕೈಕಾಲು ಸೆಟೆದು ಅದುರುತ್ತಿದ್ದವು, ಕಣ್ಣು ಮೇಲಕ್ಕೆ ಹೋಗಿತ್ತು. ಪಾತ್ರೆ ಎಲ್ಲಿ ಬಿತ್ತೋ, ಮಡಿ ಎಲ್ಲಿ ಹೋಯಿತೋ, ಲಕ್ಷ್ಮೀದೇವಮ್ಮನವರು ಮಗುವನ್ನು ತಬ್ಬಿ ಕೂತುಬಿಟ್ಟರು. ಹರಿ ಓಡಿಬಂದು ಅವಳನ್ನು ಮಗ್ಗುಲಿಗೆ ತಿರುಗಿಸಿದ. ಆಚಾರ್ಯರು ಮಾತ್ರ ಕೂತಲ್ಲೇ ಇದ್ದರು. ನಡುವೆ ಎದ್ದರೆ ಶ್ರಾದ್ಧ ಕೆಡುತ್ತದೆ. ಅಂಗೈಯ ನೀರು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು.

ಎಲೆಯ ಮುಂದಿದ್ದ ಹಿರಿಯ ಬ್ರಾಹ್ಮಣರೇ ಸಿಡುಕಿದರು: "ಏನ್ ನೋಡ್ತಿದ್ದೀರಿ ಆಚಾರ್ರೇ, ಏಳಿ! ನಿಮ್ಮ ತಂದೆಯವ್ರು ಏನೂ ಅಂದ್ಕೊಳ್ಳಲ್ಲ."

ಮೈಸೂರಿನ ಆಸ್ಪತ್ರೆಗೆ ರಮ್ಯಶ್ರೀ ತಿ. ನರಸೀಪುರದಿಂದ ನೇರವಾಗಿ ಬಂದಳು. ಹರಿ ಮನೆಯಿಂದ ತಂದಿದ್ದ ಮಾತ್ರೆಯ ಪಟ್ಟಿಯನ್ನು ಡಾಕ್ಟರು ಅವಳ ಕೈಗೆ ಕೊಟ್ಟರು. ಅದರಲ್ಲಿ ಒಂದನ್ನೂ ಒತ್ತಿ ತೆಗೆದಿರಲಿಲ್ಲ.

"ಅವಳು ತಗೊಂಡೆ ಅಂದ್ಳು ಕಣಮ್ಮ" ಅಂದರು ಲಕ್ಷ್ಮೀದೇವಮ್ಮನವರು.

"ಕೇಳ್ಬೇಡಿ ಅಂತ ಹೇಳಿದ್ನಲ್ಲ ಅತ್ತೆ." ರಮ್ಯಶ್ರೀ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅತ್ತೆಗೆ.

ಪುಣ್ಯಕ್ಕೆ ಮಗು ಚೇತರಿಸಿಕೊಂಡಿತು. ಮನೆಗೆ ಬಂದ ವಾರದಲ್ಲೇ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಜಗಳ ಹತ್ತಿಕೊಂಡಿತು. ಉಪ್ಪಿಟ್ಟಿನ ತಟ್ಟೆಯ ಮುಂದೆ ರಮ್ಯಶ್ರೀ ಕವನ ಹೇಳಿಕೊಟ್ಟಂತೆ ಮೆಲ್ಲಗೇ ಶುರುಮಾಡಿದ್ದಳು. "ಸಿಂಧು, ಅವತ್ತು ಮಾತ್ರೆ ಒಂದು ಮರೆತುಹೋಗಿತ್ತು ನೋಡು, ಅದಕ್ಕೇ ಹೀಗಾಯ್ತು."

"ನಾನು ಮರೀಲಿಲ್ಲ. ತಗೊಂಡಿದ್ದೆ."

"ಪಟ್ಟೀಲಿ ಹಾಗೇ ಇತ್ತು ಪುಟ್ಟಿ."

"ನೀನು ಊರಲ್ಲೇ ಇರ್ಲಿಲ್ಲ, ನಿಂಗೇನ್ಗೊತ್ತು? ಸುಳ್ಳು ಹೇಳ್ತೀಯ! ನೀನು ಯಾವಾಗ್ಲೂ ನಾನು ಮರೀತೀನಿ ಅಂತಾನೇ ಹೇಳೋದು. ಅಜ್ಜೀನ ಕೇಳು. ನಂಗೆ ಏನೂ ಮರೆಯಲ್ಲ ಅಂತ ಅಜ್ಜೀಗೆ ಗೊತ್ತು. ಹೇಳಿ ಅಜ್ಜಿ!"

ರಮ್ಯಶ್ರೀ ಅತ್ತೆಯ ಕಡೆ ತಿರುಗಿದಳು. "ಹೇಳಿ ಅತ್ತೆ. ನಿಮ್ಮ ಸಾಕ್ಷಿ ಕೇಳ್ತಿದ್ದಾಳೆ."

ಆಸ್ಪತ್ರೆಯಿಂದ ಬಂದಾಗಿನಿಂದ ಲಕ್ಷ್ಮೀದೇವಮ್ಮನವರ ಸಿಟ್ಟೆಲ್ಲ ತಮ್ಮ ಮೇಲೆಯೇ. ಆದರೆ ಹೊರಗೆ ಬರುವಾಗ ಅದು ಎದುರಿಗಿದ್ದ ಕೂಸಿನ ಮೇಲೆ ಬಿತ್ತು. ಸೌಟನ್ನು ನೆಲಕ್ಕೆ ಕುಕ್ಕಿದರು.

"ಏನ್ ಹೇಳ್ಲೇ? ಮರೆತೆ ಕಣೇ ನೀನು! ಮಾತ್ರೆ ಒಂದೇ ಅಲ್ಲ, ಎಲ್ಲಾನೂ ಮರೀತೀಯ. ತುಳಸಿಗೆ ಒಂದಿನ ನೀರು ಹಾಕಿಲ್ಲ, ನಾನು ಹಾಕ್ತಿದ್ದೆ. ಸಾಕಮ್ಮನಿಗೆ ಒಂದು ಮಾತು ಹೇಳಿಲ್ಲ, ನಾನು ಓಡೋಗಿ ಹೇಳ್ತಿದ್ದೆ. ನಿನ್ನ ಚೀಲ ತುಂಬ್ತಿದ್ದೋಳು ನಾನು. ತಾತ ಒಪ್ಪಿಸ್ಕೊಳ್ಳೋವಾಗ ಮೊರ ಹಿಡ್ಕೊಂಡು ಪ್ರತಿಯೊಂದು ಸಾಲೂ ಎತ್ತಿಕೊಟ್ಟೋಳು ನಾನು. ನಿನಗೆ ಒಂದಕ್ಷರ ಬರ್ತಿರ್ಲಿಲ್ಲ!"

"ಅತ್ತೆ, ಸಾಕು" ಅಂದಳು ರಮ್ಯಶ್ರೀ. ಅವಳಿಗೆ ಬೇಕಾಗಿದ್ದದ್ದು ಒಂದು ಮಾತ್ರೆಯ ಮಾತು ಮಾತ್ರ. ಲಕ್ಷ್ಮೀದೇವಮ್ಮನವರು ನಿಲ್ಲಿಸಲಿಲ್ಲ. ತಿಂಗಳುಗಟ್ಟಲೆ ಮುಚ್ಚಿಟ್ಟದ್ದನ್ನೆಲ್ಲ, ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಲು ಮರೆತದ್ದು, ಅದಕ್ಕೆ ಇವರು ಜ್ವರವೆಂದು ಸುಳ್ಳು ಹೇಳಿದ್ದು, ಒಂದನ್ನೂ ಬಿಡದೆ ಹೇಳಿ ಮುಗಿಸಿದರು. ಜಗಲಿಯ ಬಾಗಿಲಲ್ಲಿ ಆಚಾರ್ಯರು ನಿಂತಿದ್ದರು. ಮೊರದ ಮಾತು ಅವರ ಕಿವಿಗೂ ಬಿದ್ದಿತ್ತು. ಪಂಚೆಯ ತುದಿ ಹಿಡಿದುಕೊಂಡು ಮೆಲ್ಲಗೆ ಹೊರಕ್ಕೆ ಹೋದರು.

ಸಿಂಧು ಅಳಲಿಲ್ಲ. ಉಪ್ಪಿಟ್ಟನ್ನು ಬೆರಳಲ್ಲಿ ತಟ್ಟೆಯ ಅಂಚಿಗೆ ಸರಿಸುತ್ತಾ ಕೇಳಿದಳು, "ಎಲ್ಲಾನಾ ಅಜ್ಜಿ?"

"ಎಲ್ಲಾ."

"ಹಾಗಾದ್ರೆ ನಾನು ಮಾಡಿದ್ದು ಯಾವ್ದು?"



ಮೊದಲ ಕೆಲವು ದಿನ ಒಳ್ಳೆಯದೇ ಆಯಿತೇನೋ ಅನ್ನಿಸಿತು. ಸಿಂಧು ಈಗ ಕೇಳತೊಡಗಿದಳು. ಮಾತ್ರೆ ತಗೊಂಡ್ನಾ ಅಮ್ಮ? ಪುಸ್ತಕ ಇಟ್ಕೊಂಡ್ನಾ? ಅಟ್ಟದಿಂದ ಬೋರ್ಡು ಇಳಿಯಿತು, ಆಚಾರ್ಯರೇ ಮೊಳೆ ಹೊಡೆದು ನೇತುಹಾಕಿದರು. ರಮ್ಯಶ್ರೀಗೆ ಉಸಿರು ಬಂದಂತಾಯಿತು. ಆಮೇಲೆ ಕೇಳುವುದು ಬೆಳೆಯಿತು. ಹಲ್ಲು ಉಜ್ಜಿದ್ನಾ? ಇದು ನನ್ನ ಚಪ್ಪಲೀನಾ? ಮಧ್ಯಾಹ್ನ ನಾನು ನಕ್ಕಿದ್ನಾ? ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈಯೆತ್ತುವುದಿಲ್ಲ ಎಂದು ಅವಳ ಕ್ಲಾಸ್ ಟೀಚರು ಫೋನ್ ಮಾಡಿದರು.

ಸಂಜೆ ಆಚಾರ್ಯರು ಹತ್ತಿರ ಕೂರಿಸಿಕೊಂಡು, "ಹಳೇದೊಂದು ಹೇಳು ಮಗು, ನಿನಗೆ ಚೆನ್ನಾಗಿ ಬರೋದು" ಅಂದರು.

"ಬರುತ್ತೆ ಅನ್ನಿಸುತ್ತೆ ತಾತ. ಆದ್ರೆ ಅನ್ನಿಸೋದೆಲ್ಲ ಸುಳ್ಳಲ್ವಾ?"

"ಇದು ಸುಳ್ಳಲ್ಲ ಕಣಮ್ಮ. ಇದು ನಿಜವಾಗ್ಲೂ ಬರುತ್ತೆ."

ಸಿಂಧು ತಲೆ ಅಲ್ಲಾಡಿಸಿದಳು. ಮರುದಿನ ಆಚಾರ್ಯರು ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಆ ಶ್ಲೋಕ ಬರೆದು ತಂದರು. ಆ ಮನೆಯಲ್ಲಿ ಪಾಠಕ್ಕೆಂದು ಕಾಗದ ಹಿಡಿದದ್ದು ಅದೇ ಮೊದಲು. ಲಕ್ಷ್ಮೀದೇವಮ್ಮನವರು ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದರು. ಹುಡುಗಿ ಹಾಳೆಯಿಂದ ಕಣ್ಣೆತ್ತದೆ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಐದು ವರ್ಷದವಳಾಗಿದ್ದಾಗಲೇ ಬಾಯಿಗೆ ಬಂದಿದ್ದ ಶ್ಲೋಕ ಅದು. ಗಂಡ ಹೆಂಡತಿ ಅಂದು ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದರು.

ಕವನಳ ಹತ್ತಿರ ಈ ಸಲ ಲಕ್ಷ್ಮೀದೇವಮ್ಮನವರು ತಾವಾಗಿಯೇ ಹೊರಟರು. ಮಾಡಿದ್ದನ್ನೆಲ್ಲ ಹೇಳಿಕೊಂಡರು. ಕವನ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಅವಳಿಗೆ ತಿಳೀಬೇಕಿತ್ತು ಅಮ್ಮ. ಆದ್ರೆ ಎಲ್ಲಾನೂ ಒಂದೇ ಬೆಳಿಗ್ಗೆ ಹೊರಿಸ್ಬಾರ್ದಿತ್ತು. ಈಗ ಏನು ಮರೀತಾಳೆ ಅನ್ನೋದು ಕಲಿಸೋ ಬದಲು, ಏನು ನೆನಪಿದೆ ಅನ್ನೋದನ್ನ ನಂಬೋದು ಕಲಿಸ್ಬೇಕು. ಅದು ನಿಧಾನ."

"ಮೊದಲಿನ ಹಾಗಾಗ್ತಾಳಾ?"

"ಮೊದಲಿನ ಹಾಗೆ ಅಂತ ನಾನು ಹೇಳಲ್ಲ" ಅಂದಳು ಕವನ.

ದಸರಾ ರಜೆಗೆ ರಮ್ಯಶ್ರೀ ಮಗಳನ್ನು ತಿ. ನರಸೀಪುರಕ್ಕೆ ಕರೆದುಕೊಂಡು ಹೋದಳು. ಜಗಳವಾಡಿ ಹೋದದ್ದಲ್ಲ, ಹೋಗಿಬರ್ತೀನಿ ಅತ್ತೆ ಎಂದು ಹೇಳಿಯೇ ಹೋದಳು. ಲಕ್ಷ್ಮೀದೇವಮ್ಮನವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಒಂದು ದಿನ ಸಿಂಧುವಿಗೆ ಇಷ್ಟವೆಂದು ಕೋಡುಬಳೆ ಕರಿದು, ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದರು.

"ಎಲ್ಲಿಗ್ ಓಗ್ಬೇಕು ಅಜ್ಜಿ? ಆಧಾರ್ ತೋರ್ಸಿ" ಅಂದ ಕಂಡಕ್ಟರು.

"ಟಿ. ನರಸೀಪುರ ಕಣಪ್ಪ. ಮೊಮ್ಮಗಳನ್ನ ನೋಡೋಕೆ."

ಬೀಗರ ಮನೆ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ರಮ್ಯಶ್ರೀ ಅಂಗಡಿಗೆ ಹೋಗಿದ್ದಳು. ಅವಳ ತಾಯಿ ಒಳಗೆ ಒಂದು ಕಣ್ಣು ನಿದ್ದೆ ತೆಗೆಯುತ್ತಿದ್ದರು. ಸಿಂಧು ಒಬ್ಬಳೇ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಸ್ವಲ್ಪ ಇಳಿದುಹೋಗಿದ್ದಳು. ಅಜ್ಜಿಯನ್ನು ನೋಡಿ ಎದ್ದು ಬಂದು ಕೈ ಹಿಡಿದುಕೊಂಡಳು. ಲಕ್ಷ್ಮೀದೇವಮ್ಮನವರಿಗೆ ಅಷ್ಟೇ ಸಾಕಾಗಿತ್ತು. ಪಕ್ಕದಲ್ಲಿ ಕೂತು ಅವಳ ಜಡೆಯ ಸಿಕ್ಕು ಬಿಡಿಸುತ್ತಾ ಕೇಳಿದರು, "ಹಸಿವಾಗಿದೆಯೇನೇ?"

ಸಿಂಧು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಯೋಚಿಸಿದಳು. "ಗೊತ್ತಿಲ್ಲ ಅಜ್ಜಿ. ಅಮ್ಮ ಬರ್ಲಿ, ಕೇಳ್ತೀನಿ."

"ಹಸಿವು ನಿಂದು ಕಣೇ. ಅಮ್ಮನ್ನ ಯಾಕೆ ಕೇಳ್ಬೇಕು?"

"ಊಟ ಮಾಡಿದ್ನೋ ಇಲ್ವೋ ಅಮ್ಮಂಗೆ ಗೊತ್ತಿರುತ್ತೆ. ಮಾಡಿದ್ರೆ ಹಸಿವಾಗಿರಲ್ಲ ಅಲ್ವಾ?"

ಲಕ್ಷ್ಮೀದೇವಮ್ಮನವರ ಕೈ ಜಡೆಯಲ್ಲೇ ನಿಂತಿತು.  ಮಗುವಿನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, "ನಿನಗೇ ಗೊತ್ತಾಗುತ್ತೆ ಪುಟ್ಟಿ. ನನ್ನ ಮಾತು ಕೇಳು, ನಿನಗೆಲ್ಲ ಗೊತ್ತಾಗುತ್ತೆ" ಅಂದರು.

ಸಿಂಧು ಅಜ್ಜಿಯ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ಕೋಪವಿರಲಿಲ್ಲ.

"ನೀವು ಮೊದ್ಲಿಂದ್ಲೂ ಹಾಗೇ ಹೇಳ್ತಿದ್ರಿ ಅಜ್ಜಿ" ಅಂದಳು.

ಲಕ್ಷ್ಮೀದೇವಮ್ಮನವರು ಕೈ ಹಿಂದಕ್ಕೆ ತೆಗೆದುಕೊಂಡರು. ಇಬ್ಬರೂ ಮೆಟ್ಟಿಲ ಮೇಲೆ ಕೂತು, ರಮ್ಯಶ್ರೀ ಬರುವ ದಾರಿ ನೋಡತೊಡಗಿದರು.